ಮೂರು ಚೀಲದ ಹೊಲಿಗೆ

ಗೈದರ್ಸ್‌ಬರ್ಗ್, ಮೇರಿಲ್ಯಾಂಡ್
೨೬ ಜನವರಿ ೧೯೯೧, ಶನಿವಾರ

ಮಗಳೇ ಶೀತಲ,

ಈ ಕಾಗದ ಒಡೆಯುವಾಗ ನೀನು ಆ ಮರಳುಗಾಡಿನ ಯಾವ ಮೂಲೆಯಲ್ಲಿ ಕೂತಿರುವೆಯೋ, ಬಸವಣ್ಣ ನಿನ್ನ ಬೆನ್ನಿಗಿರಲಿ. ನಿಮ್ಮಪ್ಪ, ನಾನು ಇಬ್ಬರೂ ಗಟ್ಟಿಯಾಗಿದ್ದೇವೆ. ಯುದ್ಧ ಶುರುವಾದ ದಿನದಿಂದ ನಿಮ್ಮಪ್ಪ ಟೀವಿ ಆರಿಸಿಲ್ಲ, ನಾನು ಅದರ ಮುಂದೆ ಕೂತಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ನಿನ್ನ ಹೆಸರು ಒಮ್ಮೆ ಹೇಳುತ್ತೇನೆ. ಎರಡು ಸಲ ಹೇಳುವುದಿಲ್ಲ. ದೇವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ.

ನಿನ್ನ ಡಿಸೆಂಬರ್ ಕಾಗದ ಕಳೆದ ವಾರ ಬಂತು. ನಿಮ್ಮಪ್ಪ ಓದಿ ನಕ್ಕರು. ನಾನು ಓದಿ ಅಡುಗೆಮನೆಗೆ ಹೋಗಿ ಒಲೆ ಆರಿಸಿ ನಿಂತೆ. ಮಹಾನವಮಿಯಂದು ಏನಾಯಿತೆಂದು ನೀನು ಇಷ್ಟು ದಿನ ನನಗೆ ತಿಳಿಸಿರಲಿಲ್ಲ. "ಅವ್ವಾ, ನೀ ಫೋನಿನ್ಯಾಗ ಹೇಳಿದ್ಹಂಗ ಪೂಜಾ ಮಾಡಿದೆ. ಮರುದಿನ ಗುಂಡು ಹಾರಿಸೂ ರೇಂಜ್‌ನ್ಯಾಗ ರೈಫಲ್ ಜಾಮ್ ಆತು. ಎಲ್ಲಾರ ಮುಂದ. ಈಗ ನನ್ನ ಹೆಸರ ಆಯಿಲ್ ಲೇಡಿ" ಎಂದು ಬರೆದಿದ್ದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಅಂದಿನಿಂದ ಒಂದು ಹನಿ ಎಣ್ಣೆಯನ್ನೂ ಬಂದೂಕಿನ ಹತ್ತಿರ ಬಿಡುತ್ತಿಲ್ಲ, ತುಕಡಿಯ ನೂರಿಪ್ಪತ್ತು ರೈಫಲ್‌ಗಳನ್ನೂ ಒಣಗಿಸಿ ಇಡುತ್ತಿದ್ದೇನೆ ಎಂದಿದ್ದೆ. ಅವನ್ನು ನೋಡಿಕೊಳ್ಳುವ ಕೆಲಸ ನಿನ್ನದು, ನಿನ್ನ ಸಾರ್ಜೆಂಟ್ ನಿನ್ನ ಮಾತಿಗೇ ಬಿಟ್ಟಿದ್ದಾನೆ. ಆದರೆ ಈಗ ಕೆಲವು ಕಿರುಗುಟ್ಟುತ್ತಿವೆ, ಕೆಲವು ಹಿಡಿಕೆ ಎಳೆದರೆ ಅರ್ಧಕ್ಕೇ ನಿಲ್ಲುತ್ತಿವೆ ಎಂದೂ ಬರೆದಿದ್ದೆ.

ನಿಮ್ಮಪ್ಪ ನಕ್ಕಿದ್ದು ಹೆಸರಿಗೆ. ನಾನು ನಿಂತದ್ದು ಆ ಸಣ್ಣ ಅಕ್ಷರಕ್ಕೆ.

ತಪ್ಪು ನನ್ನದು, ಮಗಳೇ. ಸೆಪ್ಟೆಂಬರಿನಲ್ಲಿ ಫೋನಿನಲ್ಲಿ ನಾನು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ. "ಆಯುಧಕ್ಕ ಕೈ ಬಿಚ್ಚಿ ಎಣ್ಣಿ ಹಚ್ಚು. ಇಬ್ಬತ್ತಿ, ಕುಂಕುಮ ಹಚ್ಚು. ಜಿಪುಣತನ ಮಾಡಬ್ಯಾಡ." ಇಬ್ಬತ್ತಿಯ ಪುಡಿ, ಕುಂಕುಮದ ಪೊಟ್ಟಣವನ್ನೂ ನಾನೇ ಕಳಿಸಿದ್ದೆ. ಮರಳಿನ ನಾಡಿಗೆ ಇಲ್ಲಿಂದ ಟಪಾಲಿನಲ್ಲಿ ಇನ್ನಷ್ಟು ಧೂಳು ಕಳಿಸಿದ ತಾಯಿ ನಾನೊಬ್ಬಳೇ ಇರಬೇಕು.

ನಾನು ಗಾಣದವರ ಮನೆಯ ಹುಡುಗಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟರೂ ಎಣ್ಣೆಯ ವಿಷಯದಲ್ಲಿ ಯಾರಿಗೂ ಸೋತವಳಲ್ಲ. ನಿನ್ನ ಅಜ್ಜ ರಾಮಲಿಂಗಪ್ಪ ಮಹಾನವಮಿಗೆ ಗಾಣಕ್ಕೆ ಕುಸುಬೆ ಎಣ್ಣೆಯ ಸ್ನಾನವನ್ನೇ ಮಾಡಿಸುತ್ತಿದ್ದರು. ಕಣ್ಣಿಗೆ ಕಟ್ಟಿದ ಹಾಗೆ ನೆನಪಿದ್ದದ್ದು ಅದು. ಅದನ್ನೇ ನಿನಗೆ ಹೇಳಿದೆ. ನಿನ್ನ ಕಾಗದ ಹಿಡಿದು ನಿಂತಾಗ ಉಳಿದರ್ಧ ನೆನಪಾಯಿತು. ಆ ದಿನ ಗಾಣ ತಿರುಗುತ್ತಿರಲಿಲ್ಲ. ಎತ್ತಿಗೂ ರಜೆ, ಗಾಣಕ್ಕೂ ರಜೆ. ಮರುದಿನ ಎತ್ತು ಕಟ್ಟುವ ಮೊದಲು ಅಜ್ಜ ಹಳೆಯ ಧೋತರದ ತುಂಡು ಹಿಡಿದು ಗಾಣವನ್ನು ಒರೆಸುತ್ತಿದ್ದರು, ಒಂದು ತಾಸು. ಇಬ್ಬತ್ತಿ, ಕುಂಕುಮ, ಎಣ್ಣೆ ಎಲ್ಲ ಧೋತರಕ್ಕೆ ಬರಬೇಕು. ಆಮೇಲೆ ಮರ ಮರಕ್ಕೆ ತಿಕ್ಕುವ ಒಂದು ಜಾಗಕ್ಕೆ ಮಾತ್ರ ಬೆರಳು ಅದ್ದಿ ಮುಟ್ಟಿಸುತ್ತಿದ್ದರು. ಬಣವೆಯ ಹೊಟ್ಟು ಹಾರಿ ಎಣ್ಣೆ ಇದ್ದಲ್ಲೆಲ್ಲ ಅಂಟುವ ಕಾಲ ಅದು. ನಾನು ಒಮ್ಮೆ, ದೇವರಿಗೆ ಹಚ್ಚಿದ್ದನ್ನು ಯಾಕೆ ಒರೆಸುತ್ತೀರಿ ಎಂದು ಕೇಳಿದ್ದೆ. "ಪೂಜಿ ನಿಂತಿದ್ದಕ್ಕ, ತಂಗಿ. ದುಡಿಯೂದಕ್ಕ ಒಂದು ಹನಿ ಸಾಕು" ಅಂದಿದ್ದರು.

ನಿನಗೆ ನಾನು ನಿಂತ ಆಯುಧದ ಪೂಜೆ ಹೇಳಿಕೊಟ್ಟೆ. ನಿನ್ನ ಆಯುಧಕ್ಕೆ ಅಲ್ಲಿ ನಿಲ್ಲುವ ದಿನವೇ ಇಲ್ಲ.

ಆದರೆ ಬರಿ ನೆನಪಿನ ಮೇಲೆ ಎರಡನೆಯ ಸಲ ನಿನಗೆ ಬುದ್ಧಿ ಹೇಳಲು ನನಗೆ ಧೈರ್ಯವಾಗಲಿಲ್ಲ. ಹೇಳಿದರೂ ನೀನು ಕೇಳಬೇಕಲ್ಲ. ಅದಕ್ಕೇ ಮಾಡಿಯೇ ನೋಡೋಣವೆಂದು, ಅಜ್ಜ ನನಗೆ ಮದುವೆಯಲ್ಲಿ ಕೊಟ್ಟ ಹೊಲಿಗೆಯ ಕೈ ಮಿಷನ್ನನ್ನು ಅಟ್ಟದಿಂದ ಕೆಳಗಿಳಿಸಿದೆ. ನಿನ್ನ ಮೊದಲ ಶಾಲೆಯ ಲಂಗ ಹೊಲಿದದ್ದು ಅದೇ. ಮಕ್ಕಳ ಆಟದ ಮರಳಿನ ಚೀಲ ತರಿಸಿ, ಮಲ್ ಬಟ್ಟೆಯಲ್ಲಿ ಜರಡಿ ಹಿಡಿದೆ. ಅಲ್ಲಿಯ ಮರಳು ಮೈದಾ ಹಿಟ್ಟಿನ ಹಾಗಿದೆ ಎಂದು ನೀನು ಬರೆದಿದ್ದೆಯಲ್ಲ. ನಿಮ್ಮಪ್ಪ ಬಾಗಿಲಲ್ಲಿ ನಿಂತು, "ಏನಿದು ಗೌರಾ, ಮರಳಿನ ಹೋಳಿಗಿ ಏನ?" ಎಂದರು. ನಿಮಗ ಎರಡು ಎತ್ತಿಟ್ಟಿರತೇನಿ ಎಂದೆ. ಮಿಷನ್ನನ್ನು ಬಾತ್‌ಟಬ್ಬಿನಲ್ಲಿ ಹಲಗೆಯ ಮೇಲಿಟ್ಟು, ಕೂದಲು ಒಣಗಿಸುವ ಯಂತ್ರವನ್ನು ನಿಮ್ಮಪ್ಪನ ಕೈಗೆ ಕೊಟ್ಟೆ. ಅವರು ಮಿಷನ್ನಿನ ಮೇಲೆ ಮರಳು ಊದಬೇಕು, ನಾನು ಮೂರು ಬಟ್ಟೆಯ ಚೀಲ ಹೊಲಿಯಬೇಕು. ಸರ್ಕಾರಿ ಲ್ಯಾಬಿನಲ್ಲಿ ಹದಿನೈದು ವರ್ಷ ದುಡಿದವರು, ಮನೆಯಲ್ಲಿ ನನ್ನ ಕೈಕೆಳಗೆ ಒಂದು ದಿನ ದುಡಿದರು.

ಮೊದಲನೆಯ ಚೀಲಕ್ಕೆ ಮಿಷನ್ನಿನ ತುಂಬ ಎಣ್ಣೆ ಸುರಿದೆ, ಮಹಾನವಮಿಯ ಹಾಗೆ. ಒಂದು ಗೇಣು ಹೊಲಿಯುವುದರೊಳಗೆ ಮರಳು ಎಣ್ಣೆಯಲ್ಲಿ ಕಲೆತು ಚಟ್ನಿಯಾಯಿತು, ಹಿಡಿಕೆ ತಿರುಗಲಿಲ್ಲ. ಬಿಚ್ಚಿ, ತೊಳೆದು, ಎರಡನೆಯದಕ್ಕೆ ಒಂದು ಹನಿಯೂ ಹಾಕಲಿಲ್ಲ, ನಿನ್ನ ಹಾಗೆ. ನಿಜ ಹೇಳುತ್ತೇನೆ, ಮೊದಮೊದಲು ಬಲು ಚೆನ್ನಾಗಿ ಓಡಿತು. ಹೊಲಿಗೆ ನೋಡಿ ನಿಮ್ಮಪ್ಪ ನಿನ್ನ ಪರವೇ ಆದರು. ಅರ್ಧ ಚೀಲಕ್ಕೆ ಬಂದಾಗ ಕಿರುಗುಟ್ಟಿತು. ಮುಟ್ಟಿದರೆ ಕಬ್ಬಿಣ ಬಿಸಿ. ಮುಕ್ಕಾಲು ಚೀಲಕ್ಕೆ ದಾರ ಕಡಿದು ನಿಂತಿತು. ಒಳಗೆ ಕಬ್ಬಿಣ ಕಬ್ಬಿಣವನ್ನು ತಿಂದು ಗೀರು ಬಿದ್ದಿತ್ತು. ಆ ಗೀರು ಇನ್ನು ಹೋಗುವುದಿಲ್ಲ. ಹೋಗದಿದ್ದರೆ ಇರಲಿ, ಮಿಷನ್ನಿಗೆ ಬಿದ್ದ ಗೀರು ತಾನೆ.

ಮೂರನೆಯ ಸಲ ಹೊರಮೈಯನ್ನೆಲ್ಲ ಒರೆಸಿ ಒಣಗಿಸಿದೆ. ಒಳಗೆ ಕಬ್ಬಿಣ ತಿಕ್ಕುವ ಕಡೆ ಮಾತ್ರ ಎಣ್ಣೆ ಮುಟ್ಟಿಸಿದೆ. ಆಗಲೂ ಮರಳು ಒಳಗೆ ಹೋಗುತ್ತದೆ, ಹೋಗದೆ ಇರುವುದಿಲ್ಲ. ಆದ್ದರಿಂದ ಗೇಣಿಗೊಮ್ಮೆ ನಿಲ್ಲಿಸಿ, ನಿಮ್ಮಪ್ಪನ ಹಳೆಯ ಗಡ್ಡದ ಬ್ರಷ್ಷಿನಿಂದ ಝಾಡಿಸಿ, ಒರೆಸಿ, ಮತ್ತೆ ಒಂದು ಹನಿ. ಚೀಲ ಮುಗಿಯಿತು. ಹಟಕ್ಕೆ ಬಿದ್ದು ಇನ್ನೊಂದು ಸುತ್ತು ಹೊಲಿದೆ. ಓಡಿತು.

ಮಿಷನ್ನು ರೈಫಲ್ ಅಲ್ಲ, ನನಗೆ ಗೊತ್ತು. ಆದರೆ ಸೈನ್ಯದವರು ನಿಮಗೆ ಕೊಟ್ಟ ಪುಸ್ತಕದಲ್ಲಿ ಬರೆದದ್ದೂ ಇದನ್ನೇ ಅಲ್ಲವೇ? ಮೊದಲಿನ ಕಾಗದವೊಂದರಲ್ಲಿ ನೀನೇ ಹೇಳಿದ್ದೆ: ಹೊರಗೆ ಒಣಗಿರಬೇಕು, ಒಳಗೆ ಜಾರುವ ಭಾಗಕ್ಕೆ ಎಣ್ಣೆ ಬೇಕು, ಗುಂಡಿಗೆ ಮತ್ತು ಗುಂಡು ತುಂಬುವ ಮ್ಯಾಗಜೀನಿಗೆ ಎಣ್ಣೆ ಸೋಕಬಾರದು, ದಿನವೂ ಬಿಚ್ಚಿ ಧೂಳು ತೆಗೆಯಬೇಕು. ಪುಸ್ತಕ ಸರಿಯಿತ್ತು, ನೀನೂ ಸರಿಯಿದ್ದೆ. ನಡುವೆ ನಾನು ಬಂದೆ. ಎಲ್ಲರೂ ನಕ್ಕರೆಂದು ನೀನು ಎಣ್ಣೆಯ ಮೇಲೆಯೇ ಮುನಿಸಿಕೊಂಡೆ. ಮುನಿಸು ನನ್ನ ಮೇಲೆ ಇರಲಿ, ಮಗಳೇ. ನೂರಿಪ್ಪತ್ತು ತಾಯಂದಿರ ಮಕ್ಕಳು ಹಿಡಿಯುವ ಕಬ್ಬಿಣದ ಮೇಲೆ ಬೇಡ.

ನೀನು ನಾರ್ತ್ ಕೆರೊಲಿನಾದ ಸೈನ್ಯದ ಕ್ಯಾಂಪಿಗೆ ಹೊರಟ ದಿನ ನಾನು ಕಾರಿನ ತನಕವೂ ಬರಲಿಲ್ಲ. ನಾಲ್ಕು ತಿಂಗಳು ಫೋನು ಎತ್ತಲಿಲ್ಲ. ಹೆಣ್ಣುಮಗಳಿಗೆ ಬಂದೂಕು ಯಾಕೆ ಎಂಬ ಒಂದೇ ಮಾತು ಹಿಡಿದು ಕೂತಿದ್ದೆ. ಲ್ಯಾನ್‌ಹ್ಯಾಮಿನ ಗುಡಿಯಲ್ಲಿ ವರಲಕ್ಷ್ಮಿ ಆಂಟಿ ಕೇಳಿದರೆ, ಮಗಳು ಓದುತ್ತಿದ್ದಾಳೆ ಎಂದಿದ್ದೆ. ಹೋದ ಭಾನುವಾರ ಅವರು ಮತ್ತೆ ಕೇಳಿದರು. ನನ್ನ ಮಗಳು ನೂರಿಪ್ಪತ್ತು ಬಂದೂಕುಗಳನ್ನು ಕಾಯುತ್ತಾಳೆ, ಗಾಣದವರ ಮೊಮ್ಮಗಳು, ಎಣ್ಣೆಯ ಕೆಲಸ ಅವಳಿಗೆ ರಕ್ತದಲ್ಲಿದೆ ಎಂದೆ. ಅವರು ಪ್ರಸಾದ ಎರಡು ಸಲ ಕೊಟ್ಟರು.

ಈ ಪಾರ್ಸೆಲಿನಲ್ಲಿ ನಲವತ್ತು ಗಡ್ಡದ ಬ್ರಷ್ಷುಗಳಿವೆ. ಇಲ್ಲಿಯ ಅಂಗಡಿಯಲ್ಲಿ ಇದ್ದದ್ದೇ ಅಷ್ಟು, ಮೂವರಿಗೆ ಒಂದು ಮಾಡಿಕೊಳ್ಳಿ. ಒರೆಸಲು ನನ್ನ ಹಳೆಯ ಹತ್ತಿ ಸೀರೆಗಳನ್ನು ತೊಳೆದು ಕತ್ತರಿಸಿ ಇಟ್ಟಿದ್ದೇನೆ. ಇಬ್ಬತ್ತಿ ಈ ಸಲ ಇಲ್ಲ. ಅದನ್ನು ಇಲ್ಲಿ ನಾನೇ ನಿನ್ನ ಹೆಸರಿನಲ್ಲಿ ನನ್ನ ಹಣೆಗೆ ಹಚ್ಚಿಕೊಳ್ಳುತ್ತೇನೆ.

ಮೇಲುಗಡೆ ಇರುವುದು ಆ ಮೂರು ಚೀಲ. ಒಗೆದಿಲ್ಲ, ಹಾಗೇ ಕಳಿಸಿದ್ದೇನೆ. ಸಾರ್ಜೆಂಟನಿಗೂ ತೋರಿಸು, ಕನ್ನಡ ಬರದಿದ್ದರೂ ಅವನಿಗೆ ಹೊಲಿಗೆ ಓದಲು ಬರುತ್ತದೆ. ಮೊದಲನೆಯದರ ಮೇಲೆ ಬೆರಳಾಡಿಸು, ಎಲ್ಲಿ ನಿಂತಿತೆಂದು ಗೊತ್ತಾಗುತ್ತದೆ. ಎರಡನೆಯದರಲ್ಲಿ ಮುಕ್ಕಾಲಿಗೆ ದಾರ ಕಡಿದಿದೆ. ಮೂರನೆಯದು ಬಾಯಿಂದ ತಳದ ತನಕ ನೆಟ್ಟಗಿದೆ, ಎರಡು ಸುತ್ತು. ಹಿಡಿದು ಜಗ್ಗಿ ನೋಡು, ಬಿಚ್ಚುವುದಿಲ್ಲ. ನೋಡಿದವಳೇ ಎದ್ದು ಹೋಗಿ ಮೊದಲ ರೈಫಲ್ ಬಿಚ್ಚು.

ಮಿಷನ್ನನ್ನು ತೊಳೆದು, ಗೀರಿನ ಸಮೇತ ಮತ್ತೆ ಅಟ್ಟಕ್ಕೇರಿಸಿದ್ದೇನೆ. ಬರುವ ಮಹಾನವಮಿಗೆ ಅದಕ್ಕೆ ಕೈ ಬಿಚ್ಚಿ ಎಣ್ಣೆ ಹಚ್ಚುವವಳು ನೀನು. ಅಂದು ಅದಕ್ಕೂ ರಜೆ, ನಿನಗೂ ರಜೆ. ಮರುದಿನ ಒರೆಸುವ ಕೆಲಸ ನನಗಿರಲಿ.

ಹೊರಮೈ ಒಣಗಿರಲಿ, ಒಳಗಿನ ಕೀಲು ಜಾರುತ್ತಿರಲಿ, ನಿನ್ನ ಕೈಯಿಂದ ಬಂದೂಕು ಪಡೆದು ಹೋದವರೆಲ್ಲ ನಿನ್ನ ಜೊತೆ ಮರಳಿ ಬರಲಿ.

ನಿನ್ನ ಅವ್ವ,
ಗೌರಾಬಾಯಿ