ನಿನ್ನ ಹೊಲಿಗೆಯನ್ನು ನಾನು ಬಿಚ್ಚಿದ್ದು

ಪುಟ್ಟೀ,

ಮೊದಲು ಹಾಲು ಕುಡಿ, ಆಮೇಲೆ ಬೈಯಿ. ಬಯೋಎಂಜಿನಿಯರಿಂಗ್ ಲ್ಯಾಬಿನ ಇಂಟರ್ನ್‌ಶಿಪ್‌ಗೆ ಇವತ್ತು ತೋರಿಸಲೆಂದು ನೀನು ಹೊಲಿದಿಟ್ಟ, ಗಾಯಕ್ಕೆ ಹಾಕುವಂಥ ಕೃತಕ ಚರ್ಮದ ತುಂಡು ಮೇಜಿನ ಮೇಲಿತ್ತು. ಹೊಲಿಗೆ ಸೊಟ್ಟಗಿತ್ತು. ಮೂವತ್ತು ವರ್ಷದಿಂದ ಟೈಲರ್ ಆಗಿರುವವನ ಕೈ ಸುಮ್ಮನಿರುತ್ತದೆಯೇ? ಬಿಚ್ಚಿ, ಶರ್ಟಿನ ಕಾಲರಿನಷ್ಟು ನೀಟಾಗಿ ಹೊಲಿದುಬಿಟ್ಟೆ. ಕೊನೆಯ ಗಂಟು ಹಾಕುವಾಗ ಅಮ್ಮ ನೋಡಿ, "ಲ್ಯಾಬಿಗೆ ಸೇರೋದು ಅವಳೋ, ನೀವೋ?" ಅಂದಳು. ಆಗ ಬುದ್ಧಿ ಬಂತು.

ನನ್ನದನ್ನು ಒಯ್ಯಬೇಡ. ಉಳಿದಿದ್ದ ತುಂಡು, ಸೂಜಿ, ದಾರ ನಿನ್ನ ಸ್ಕೂಲ್ ಬ್ಯಾಗಿನ ಮೇಲಿವೆ. ಲ್ಯಾಬಿನವರು ಕರೆದಿರುವುದು ಹನ್ನೊಂದಕ್ಕೆ, ಸಮಯವಿದೆ, ನೀನೇ ಹೊಲಿ. ಸೊಟ್ಟಗಾದರೂ ಬಿಚ್ಚಬೇಡ, ಹೈಸ್ಕೂಲ್ ಮಕ್ಕಳನ್ನು ಅವರು ಕರೆಯುತ್ತಿರುವುದು ಕಲಿಸಲೆಂದೇ.

ಅಂಗಡಿ ತೆರೆಯುವುದು ಹತ್ತಕ್ಕೆ. ನಾನು ಏಳಕ್ಕೇ ಹೊರಟಿದ್ದೇನೆ. ಮನೆಯಲ್ಲಿದ್ದರೆ ಈ ಕೈಯನ್ನು ನಂಬುವ ಹಾಗಿಲ್ಲ.

ಅಪ್ಪ