ಮೂವತ್ತು ಪಾಯಿಂಟಿನ ರೈಡರ್

ಶುಕ್ರವಾರ, ನವೆಂಬರ್ 7. ಸಂಜೆ

ಇದನ್ನು ಬರೆಯದೆ ಬಿಡುವವಳಿದ್ದೆ. ಸುಕೇಶನ ಹೆಸರು ಕೂಗಿದಾಗ ನನಗೆ ಅನುಮಾನ ಬಂತು. ಬಂದೂ ಕೈ ಎತ್ತಿದೆ.

ಇವತ್ತು ಹರಾಜು. ಕುವೈತಿನಲ್ಲಿರುವ ನಮ್ಮ ಕರಾವಳಿಯವರ ಕಬಡ್ಡಿ ಲೀಗ್‌ನದ್ದು. ದುಡ್ಡಿನ ಮಾತಿಲ್ಲ, ಎಲ್ಲ ಪಾಯಿಂಟ್. ಒಂದು ಟೀಮಿಗೆ ಸಾವಿರ, ಅಷ್ಟರೊಳಗೆ ಹನ್ನೆರಡು ಜನರನ್ನು ಹೊಂದಿಸಬೇಕು. ಒಬ್ಬರೇ ಒಳ್ಳೆಯವರನ್ನೆಲ್ಲ ಬಾಚಿಕೊಳ್ಳಬಾರದು ಅಂತ. ನ್ಯಾಯವಾಗಿದೆ ಅನ್ನಿಸಿತ್ತು. ಈಗಲೂ ಅನ್ನಿಸುತ್ತದೆ.

ಟೀಮಿನ ಮಾಲೀಕ ರೋಹಿದಾಸರದ್ದು ಹೋಟೆಲ್. ಆಸ್ಪತ್ರೆಯಲ್ಲಿ ನರ್ಸ್‌ಗಳ ಡ್ಯೂಟಿ ರೋಸ್ಟರ್ ಹಾಕುವವಳು ಅಂತ ನನ್ನನ್ನು ಮ್ಯಾನೇಜರ್ ಮಾಡಿದರು. “ಅಷ್ಟು ಹೆಂಗಸರನ್ನು ಜಗಳ ಇಲ್ಲದೆ ಸುಧಾರಿಸ್ತೀರಿ ಮೇಬಲ್ ಬಾಯಿ, ಹನ್ನೆರಡು ಗಂಡಸರು ಎಂತ ಮಹಾ?” ನಾನು ಕಬಡ್ಡಿಯ ನಿಯಮ ಕಲಿತದ್ದೇ ಸೆಪ್ಟೆಂಬರಿನಲ್ಲಿ.

ಕ್ಯಾಪ್ಟನ್ ಅಬೂಬಕ್ಕರ್ ಒಬ್ಬನೇ ಮುನ್ನೂರು ತಿಂದ. ಕೊನೆಗೆ ಉಳಿದದ್ದು ನೂರು. ಆಗ ಸುಕೇಶ್ ಬಂದ. ಟ್ರಯಲ್ಸ್ ನೋಡಿ ಕಮಿಟಿ ಮಾಡಿದ ಎ, ಬಿ, ಸಿಯಲ್ಲಿ ಕೊನೆಯ ಸಿ ವಿಭಾಗ, ಮೂವತ್ತರಿಂದ ಶುರು. ಯಾರೂ ಏರಿಸಲಿಲ್ಲ. “ಮೂವತ್ತಕ್ಕೆ ಒಂದು ಚಪ್ಪಲಿ ಸಹ ಬರುದಿಲ್ಲ ಮಾರಾಯ,” ಅಂದರು ಹಿಂದಿನಿಂದ ಯಾರೋ. ನಗು. ಸುಕೇಶ್ ಸಹ ನಕ್ಕ.

ಅನುಮಾನ ಯಾಕೆ? ಟ್ರಯಲ್ಸ್‌ನಲ್ಲಿ ಗೆರೆ ಮುಟ್ಟಲು ಒದ್ದಾಡಿದ ಮನುಷ್ಯ. ಅದೇ ದಿನ ಗೇಟಿಗೆ ಬೀಗ ಹಾಕಿದ್ದಾಗ ಕಾಂಪೌಂಡ್ ಹಾರಿದ್ದನ್ನು ನೋಡಿದ್ದೆ. ಅವನ ಕೈಯಲ್ಲಿ ಚಹಾ ಇತ್ತು. ಚೆಲ್ಲಲಿಲ್ಲ.

ಸೋಮವಾರ, ನವೆಂಬರ್ 10

ಮೊದಲ ಪ್ರ್ಯಾಕ್ಟೀಸ್. ನಾವಿರುವ ಮೈದಾನ್ ಹವಲ್ಲಿ ಬಡಾವಣೆಯಲ್ಲೇ, ನಮ್ಮ ಬಿಲ್ಡಿಂಗಿನ ಹಿಂದಿನ ಶಾಲೆಯ ಅಂಗಳದಲ್ಲಿ. ಸುಕೇಶ್ ರೈಡಿಗೆ ಹೋದ, ಮೂವರನ್ನು ಮುಟ್ಟಿ ಬಂದ. ಮತ್ತೆ ಹೋದ. ಕಾಲು ಹಿಡಿದವನನ್ನೂ ಎಳೆದುಕೊಂಡು ಬಂದ.

ಅಬೂಬಕ್ಕರನನ್ನು ಕೇಳಿದೆ. “ಟ್ರಯಲ್ಸ್ ದಿನ ಅವನಿಗೆ ಹೊಟ್ಟೆ ಸರಿ ಇರ್ಲಿಲ್ಲ ಅಕ್ಕ.”

ಸುಕೇಶನನ್ನು ಕೇಳಿದೆ. “ಕಾಲು ನೋವಿತ್ತು.”

ಒಂದೇ ರೂಮಿನಲ್ಲಿ ಇರುವವರು. ಒಂದೇ ಸುಳ್ಳನ್ನಾದರೂ ಹೇಳಿಕೊಳ್ಳಬಾರದಿತ್ತೇ?

ಸಿಟ್ಟು ಬರಲಿಲ್ಲ. ಬರಬೇಕಿತ್ತೋ ಏನೋ. ಕುತೂಹಲವೇ ಹೆಚ್ಚು. ತನ್ನ ಬೆಲೆ ಏರಿಸಲು ನಾಟಕ ಮಾಡುವವರನ್ನು ಇಂಟರ್‌ವ್ಯೂಗಳಲ್ಲಿ ನೋಡಿದ್ದೇನೆ. ಇಳಿಸಿಕೊಳ್ಳಲು ಯಾರು ಮಾಡುತ್ತಾರೆ?

ಶುಕ್ರವಾರ, ನವೆಂಬರ್ 14. ಮಧ್ಯಾಹ್ನ

ಗೊತ್ತಾಯಿತು. ಗೊತ್ತಾದದ್ದು ಇಷ್ಟು ಸಣ್ಣ ವಿಷಯವಾಗಿರುತ್ತದೆ ಎಂದುಕೊಂಡಿರಲಿಲ್ಲ.

ಪ್ರ್ಯಾಕ್ಟೀಸ್ ಮುಗಿದ ಮೇಲೆ ಸುಕೇಶನಿಗೆ ಮನೆಯಲ್ಲಿ ಊಟ ಹಾಕಿದೆ. ಎರಡನೇ ಸಲ ಸಾರು ಬಡಿಸುವಾಗ ತಾನೇ ಹೇಳಿದ.

“ಗಾಡಿ ಅಕ್ಕ.”

“ಎಂತ ಗಾಡಿ?”

“ಅಬೂಬಕ್ಕರ್ ಬ್ಯಾರಿದು. ಇಬ್ಬರೂ ಶುಐಬಾದ ಪ್ಲಾಂಟಲ್ಲಿ, ಒಂದೇ ಶಿಫ್ಟ್. ಅವನ ಗಾಡಿಯಲ್ಲೇ ಹೋಗುದು, ಬರುದು. ಇಲ್ಲಿ ಡಿಗ್ರಿ ಇಲ್ಲದವರಿಗೆ ಲೈಸೆನ್ಸ್ ಸಿಗುದಿಲ್ಲ, ನನಗೆ ಡಿಗ್ರಿ ಎಲ್ಲಿ ಉಂಟು? ಬೇರೆ ಟೀಮಿಗೆ ಬಿದ್ದರೆ ಪ್ರ್ಯಾಕ್ಟೀಸಿಗೆ ಹೇಗೆ ಹೋಗುದು? ಬಸ್ಸಲ್ಲಿ ಹೋಗಿ ಬರುವಾಗ ಮತ್ತೆ ಡ್ಯೂಟಿ. ಹೋದ ವರ್ಷ ಹಾಗೇ ಆಯ್ತಲ್ಲ. ಹೆಸರು ಮಾತ್ರ ಇತ್ತು, ಒಂದು ಮ್ಯಾಚೂ ಆಡಿಲ್ಲ.”

“ಹಾಗಾಗಿ ಬೇಕೆಂದೇ ಕೆಟ್ಟದಾಗಿ ಆಡಿದ್ದು?”

“ಅವನೇ ಹೇಳಿದ. ನೀನು ಎ ವಿಭಾಗಕ್ಕೆ ಹೋದ್ರೆ ಒಂದೇ ಟೀಮಿಗೆ ಇಬ್ಬರನ್ನೂ ತೆಗೊಳ್ಳಲಿಕ್ಕೆ ಪಾಯಿಂಟ್ ಸಾಲುದಿಲ್ಲ, ಸತ್ತವನ ಹಾಗೆ ಆಡು ಅಂತ.” ಅನ್ನಕ್ಕೆ ಸಾರು ಕಲಸಿದ. “ಅದು ಕಷ್ಟ ಅಕ್ಕ. ಕಾಲು ಕೇಳುದಿಲ್ಲ.”

ನರ್ಸ್‌ಗಳ ರೋಸ್ಟರ್ ಹಾಕುವಾಗ ನಾನು ಮೊದಲು ಕೇಳುವುದು ಯಾರು ಯಾವ ಗಾಡಿಯಲ್ಲಿ ಬರುತ್ತಾರೆ ಅಂತ. ಇಬ್ಬರನ್ನು ಬೇರೆ ಮಾಡಿದರೆ ಒಬ್ಬಳು ಗೈರು, ಖಂಡಿತ. ಇಲ್ಲಿ ಯಾರೂ ಕೇಳಲಿಲ್ಲ. ಕಮಿಟಿಯೂ ಕೇಳಲಿಲ್ಲ, ನಾನೂ.

ಶನಿವಾರ, ನವೆಂಬರ್ 15

ನಿಯಮ ಮತ್ತೆ ಓದಿದೆ. ವಿಭಾಗ ತಪ್ಪಾಗಿದೆ ಎಂದು ಆಟಗಾರರ ಪಟ್ಟಿ ಮುಚ್ಚುವ ಮೊದಲು ನಾವೇ ಹೇಳಿದರೆ ಆಟಗಾರ ಮತ್ತೆ ಹರಾಜಿಗೆ. ಮುಚ್ಚಿದ ಮೇಲೆ ಗೊತ್ತಾದರೆ ಅವನಿಗೆ ಎರಡು ಸೀಸನ್ ನಿಷೇಧ. ಪಟ್ಟಿ ಮುಚ್ಚುವುದು 21ಕ್ಕೆ.

ಅವನನ್ನು ಸರಿಯಾದ ಬೆಲೆಗೆ ತೆಗೆದುಕೊಳ್ಳಬೇಕಾದರೆ ನಾನು ಯಾರನ್ನಾದರೂ ಬಿಡಬೇಕು. ಅಷ್ಟು ಪಾಯಿಂಟ್ ಇರುವುದು ಅಬೂಬಕ್ಕರನ ತಲೆಯ ಮೇಲೆ. ಅವನನ್ನು ಬಿಟ್ಟರೆ ಗಾಡಿಯೂ ಹೋಯಿತು. ಇಲ್ಲವೆಂದರೆ ಈ ವಿಷಯವೇ ಗೊತ್ತಿಲ್ಲದ ಬೇರೆ ಮೂವರನ್ನು ಬಿಡಬೇಕು. ಹೊಸ ಶೂ ತೆಗೆದುಕೊಂಡು ಕುಳಿತಿದ್ದಾರೆ.

ರೋಹಿದಾಸರಿಗೆ ಫೋನ್ ಮಾಡಿದೆ. “ಯಾರು ಕೇಳಿದ್ದು ನಿಮ್ಮತ್ರ?” ಅಂದರು. “ಹರಾಜು ಆಯ್ತು, ಖಲಾಸ್. ಹವಾಲ್ದಾರ್ ಆಗ್ಬೇಡಿ ಬಾಯಿ.” ಮತ್ತೆ ಮೆತ್ತಗೆ: “ಪಾಪ, ಆ ಹುಡುಗ ಆಡ್ಲಿ ಅಂತ ಅಲ್ವಾ?”

ಅದೇ ಕಷ್ಟ. ಅವರು ಹೇಳಿದ್ದು ಸುಳ್ಳಲ್ಲ. ಆದರೆ ನನಗೂ ಕಪ್ ಬೇಕು, ಅದೂ ಸುಳ್ಳಲ್ಲ. ಎಲ್ಲಿ ಅವನ ಒಳಿತು ಮುಗಿದು ನನ್ನ ಆಸೆ ಶುರುವಾಗುತ್ತದೆ? ಗೆರೆ ಕಾಣುತ್ತಿಲ್ಲ.

ಜೇಮ್ಸ್‌ಗೆ ಹೇಳಿದೆ. “ಸೀಸನ್ ಮುಗಿದ ಮೇಲೆ ಹೇಳು,” ಅಂದ ಗಂಡ, ಪೇಪರಿನಿಂದ ತಲೆ ಎತ್ತದೆ. “ಆಗ ಎಲ್ಲರೂ ನಗ್ತಾರೆ.”

ಮಂಗಳವಾರ, ನವೆಂಬರ್ 18

ಎರಡು ದಿನ ಬರೆಯಲಿಲ್ಲ. ಸೀಸನ್ ಮುಗಿದ ಮೇಲೆ ಅನ್ನುವುದು ಎಷ್ಟು ಹಿತವಾಗಿತ್ತು!

ಇವತ್ತು ಇಬ್ಬರನ್ನೂ ಕೂರಿಸಿ ಹೇಳಿದೆ. ಕಮಿಟಿಯವರೂ ಆಟಗಾರರೂ ಇರುವ ವಾಟ್ಸಾಪ್ ಗ್ರೂಪಿಗೆ ವಿಷಯ ಹಾಕುತ್ತೇನೆ, ಯಾರನ್ನೂ ಬಿಡುವುದಿಲ್ಲ, ಉಳಿದ ಪಾಯಿಂಟ್ ಇಟ್ಟುಕೊಂಡೇ ಹರಾಜಿಗೆ ಕೂರುತ್ತೇನೆ. ನೂರರ ಮೇಲೆ ಹೋದರೆ ಸುಕೇಶ್ ನಮ್ಮವನಲ್ಲ.

ಅಬೂಬಕ್ಕರ್ ಎದ್ದೇ ಬಿಟ್ಟ. “ಹಾಗಾದ್ರೆ ಎದುರು ಟೀಮಿಗೆ ನಾನೇ ಕರ್ಕೊಂಡು ಹೋಗಿ ಬಿಡ್ಬೇಕಾ? ನನ್ನನ್ನೇ ಔಟ್ ಮಾಡ್ಲಿಕ್ಕೆ? ನನ್ನದೇ ಪೆಟ್ರೋಲಲ್ಲಿ?”

ನನಗೆ ನಗು ಬಂತು, ತಡೆದುಕೊಂಡೆ. ಸುಕೇಶ್ ತಡೆದುಕೊಳ್ಳಲಿಲ್ಲ.

“ನಗ್ತೀಯಾ? ಬಸ್ಸಲ್ಲಿ ಹೋಗು.”

“ಹೋಗ್ತೇನೆ,” ಅಂದ ಸುಕೇಶ್. ನಗು ಹೋಗಿತ್ತು. “ಅಕ್ಕ, ಹಾಕಿ. ನಂಗೆ ಒಂದು ನೋಡ್ಬೇಕಿತ್ತು.”

“ಎಂತ?”

“ಆ ದಿನ ಚಪ್ಪಲಿ ಅಂದ್ರಲ್ಲ. ನಾನೂ ನಗಾಡಿದೆ. ರೂಮಿಗೆ ಬಂದ ಮೇಲೆ… ಸರಿಯಾಗಿ ಆಡಿದ್ರೆ ನನ್ನನ್ನು ಎಷ್ಟಕ್ಕೆ ಕೂಗ್ತಿದ್ರು? ಅದು ಒಂದು ಗೊತ್ತಾದ್ರೆ ಸಾಕು. ಮತ್ತೆ ಆಡ್ಲಿಕ್ಕೆ ಆದ್ರೆ ಆಯ್ತು, ಇಲ್ಲಾಂದ್ರೆ ಇಲ್ಲ.”

ಅಬೂಬಕ್ಕರ್ ಕೀ ಗೊಂಚಲು ತಿರುಗಿಸುತ್ತಾ ನಿಂತಿದ್ದ. ಸುಕೇಶ್ ಇನ್ನೂರೈವತ್ತರ ಕೆಳಗೆ ಹೋದರೆ ತಾನು ಮೀಸೆ ತೆಗೆಯುವುದಾಗಿ ಹೇಳಿ ಹೊರಗೆ ಹೋದ. ಡ್ರಾಪ್ ಕೊಡುತ್ತೇನೆ ಅನ್ನಲಿಲ್ಲ. ಕೊಡುವುದಿಲ್ಲ ಅಂತಲೂ ಅನ್ನಲಿಲ್ಲ.

ಬುಧವಾರ, ನವೆಂಬರ್ 19

ಮೆಸೇಜ್ ಬರೆದೆ. ಮೂರು ವಾಕ್ಯ. ಸುಕೇಶ್ ಸಿ ಅಲ್ಲ. ನನಗೆ ಹರಾಜಿನ ದಿನವೇ ಅನುಮಾನವಿತ್ತು. ಅವನನ್ನು ಯಾರೇ ತೆಗೆದುಕೊಳ್ಳಲಿ, ಪ್ರ್ಯಾಕ್ಟೀಸಿಗೆ ಕರೆತರುವ ಗಾಡಿ ಯಾರದ್ದೆಂದು ಮೊದಲು ಹೇಳಿ.

ರೋಹಿದಾಸರಿಗೆ ಓದಿ ಹೇಳಿದೆ. ಎರಡನೇ ವಾಕ್ಯ ತೆಗೆಯಿರಿ ಅಂದರು. ತೆಗೆದೆ. ಆಮೇಲೆ ಮತ್ತೆ ಸೇರಿಸಿದೆ. ಹೊಸ ಮ್ಯಾನೇಜರ್ ಹುಡುಕಿಕೊಳ್ಳಬಹುದು ಅವರು. ಹುಡುಕಲಿ.

ಎಷ್ಟಕ್ಕೆ ಕೂಗುತ್ತಾರೆ? ಇನ್ನೂರು? ನನಗೂ ನೋಡಬೇಕು. ನಿಜವಾಗಿ.

ಇವತ್ತೇ ಹಾಕಬಹುದಿತ್ತು. ಆದರೆ ಸುಕೇಶ್ ಡ್ಯೂಟಿಯಲ್ಲಿದ್ದಾನೆ, ಪ್ಲಾಂಟಿನ ಒಳಗೆ ಫೋನ್ ಬಿಡುವುದಿಲ್ಲ. ಗ್ರೂಪಿನಲ್ಲಿ ತನ್ನ ಹೆಸರು ಓಡಾಡುವಾಗ ಅವನ ಕೈಯಲ್ಲಿ ಫೋನ್ ಇರಬೇಕು. ನಾಳೆ ಅವನಿಗೆ ರಜೆ. ಹಾಗಾಗಿ

ಗುರುವಾರ, ನವೆಂಬರ್ 20. ಬೆಳಿಗ್ಗೆ

ಗ್ರೂಪಿಗೆ ಹಾಕಿದೆ.