ಹದಿನಾಲ್ಕನೆಯ ಸಲಹೆ ನನ್ನದು

ಪ್ರಾದೇಶಿಕ ಯೂರೋಪ್ ಸಂವಾದದ ಮಾನ್ಯ ಸಂಯೋಜನಾಧಿಕಾರಿಗಳೇ,

ನಾನು ಹರಪನಹಳ್ಳಿ ಬಾಳಪ್ಪ ಬಸವೇಶ್ವರಿ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಕನ್ನಡವನ್ನೂ ಪೌರನೀತಿಯನ್ನೂ ಕಲಿಸಿ ನಿವೃತ್ತಳಾದವಳು. ನಿವೃತ್ತಿಯ ನಂತರ, ಹನ್ನೊಂದು ವರ್ಷಗಳಿಂದ, ಜರ್ಮನಿಯ ವಾಲ್‌ಡಾರ್ಫ್ ಸಮೀಪದ ಪುಟ್ಟ ಊರಿನಲ್ಲಿ ಪತಿಯೊಡನೆ ವಾಸವಾಗಿದ್ದೇನೆ. ತಾವು ಕಳೆದ ತಿಂಗಳು ಹೊರಡಿಸಿದ ಕರಡು ವರದಿಯ ಇಪ್ಪತ್ತೆರಡನೆಯ ಪುಟದಲ್ಲಿ, ಹದಿನಾಲ್ಕನೆಯ ಸಲಹೆಯೆಂದು ಅಚ್ಚಾಗಿರುವುದು ನನ್ನ ಮಾತು. ಅದರ ಕೆಳಗೆ ಅಚ್ಚಾಗಿರುವುದು ನನ್ನ ನೆರೆಮನೆಯಾಕೆಯ ಹೆಸರು. ನನ್ನ ತಕರಾರು ಇಷ್ಟೇ. ಆದರೆ ಇಷ್ಟನ್ನೇ ಬರೆದರೆ ತಾವು ಮತ್ತೊಮ್ಮೆ ‘ಆಸಕ್ತಿಗಾಗಿ ಧನ್ಯವಾದ’ ಎಂದು ಉತ್ತರಿಸುತ್ತೀರಿ. ಆದ್ದರಿಂದ ವಿವರವಾಗಿ, ಇಲ್ಲಿನ ಕನ್ನಡ ಸಂಘದ ಪತ್ರಿಕೆಯಲ್ಲಿ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಜರ್ಮನ್ ಅನುವಾದ ತಮಗೆ ಅಂಚೆಯಲ್ಲಿ ಬರುತ್ತದೆ. ನನ್ನ ಜರ್ಮನ್ ಸಭೆಯಲ್ಲಿ ನಾಲ್ಕು ಮಾತಾಡಲು ಸಾಕು, ಜಗಳಕ್ಕೆ ಸಾಲದು.

ಮೊದಲು ಒಂದು ತಪ್ಪೊಪ್ಪಿಗೆ. ನನಗೆ ಹೊಟ್ಟೆಕಿಚ್ಚಿದೆ. ‘ನ್ಯಾಯಯುತ ಅಸಮಾಧಾನ’ ಎಂಬ ಶಾಲು ಹೊದಿಸಿ ಅದನ್ನು ಸಭೆಗೆ ಕರೆತರುವ ಅಭ್ಯಾಸ ನನಗಿಲ್ಲ. ಫ್ರಾವ್ ಯೊರ್ದಾಂಕಾ ಬಲ್ಗೇರಿಯಾದಿಂದ ನಮ್ಮ ಕಟ್ಟಡದಲ್ಲೇ ಎದುರು ಮನೆಗೆ ಬಂದು ಮೂರು ವರ್ಷವಾಯಿತು. ಒಳ್ಳೆಯ ಹೆಂಗಸು. ನೆಲಮಾಳಿಗೆಯ ಬಟ್ಟೆ ಒಗೆಯುವ ಯಂತ್ರದ ಸರದಿಯಲ್ಲಿ ನಮ್ಮ ಸ್ನೇಹ ಬೆಳೆಯಿತು. ಕಳೆದ ವರ್ಷ ಯೂರೋಪಿನ ಸಂಸತ್ತಿಗೂ ನಮ್ಮ ಊರಿನ ಸಭೆಗೂ ಒಂದೇ ದಿನ ಚುನಾವಣೆ ಬಂದಾಗ, ಆಕೆ ಅಂಚೆಯಲ್ಲಿ ಮನೆಗೇ ಬಂದ ಚಾಪೆಯಷ್ಟಗಲದ ಮತಪತ್ರವನ್ನು ತಂದು ನನ್ನ ಅಡುಗೆಮನೆಯ ಮೇಜಿನ ಮೇಲೆ ಹರಡಿದಳು.

“ಟೀಚರಮ್ಮ, ಇದರ ತಲೆಬುಡ ತಿಳೀತಿಲ್ಲ. ನೀವೇ ಪಾಠ ಮಾಡಿ.”

ಮಾಡಿದೆ. ಒಬ್ಬ ಅಭ್ಯರ್ಥಿಗೆ ಮೂರರವರೆಗೂ ಮತ ಕೊಡಬಹುದು, ಒಟ್ಟು ಸಂಖ್ಯೆ ಮೀರಿದರೆ ಇಡೀ ಪತ್ರ ಅಸಿಂಧು ಎಂದು ಕರಪತ್ರ ಓದಿ ವಿವರಿಸಿದೆ. ಎಂಟು ಚುನಾವಣೆಗಳಲ್ಲಿ ಮತಗಟ್ಟೆ ಅಧಿಕಾರಿಯಾಗಿ ಸಾವಿರಾರು ಬೆರಳುಗಳಿಗೆ ಶಾಯಿ ಹಚ್ಚಿಸಿದವಳು ನಾನು. ಆಕೆ ಗುರುತು ಹಾಕಿದಳು. ನಾನು ಕೂಡಿಸಿ ನೋಡಿ ‘ಸರಿ ಇದೆ’ ಎಂದೆ. ಆ ಕಾಗದವನ್ನು ಮಡಚಿಕೊಂಡು ಆಕೆ ಹೋದಾಗ ಮೇಜು ಇದ್ದಕ್ಕಿದ್ದಂತೆ ಬರಿದಾಯಿತು. ಬಲ್ಗೇರಿಯಾ ಯೂರೋಪಿನ ಒಕ್ಕೂಟದ್ದಾದ್ದರಿಂದ ಆಕೆಗೆ ಇಲ್ಲಿ ಮತವಿದೆ, ಭಾರತದ ಪಾಸ್‌ಪೋರ್ಟಿನ ನನಗಿಲ್ಲ. ಮಾನ್ಯರೇ, ಪಾಠ ಹೇಳಿದವಳು ಹೊರಗೆ, ಪಾಠ ಕೇಳಿದವಳು ಒಳಗೆ ಎಂಬ ಪರೀಕ್ಷಾ ಪದ್ಧತಿಯನ್ನು ತಾವು ಎಲ್ಲಾದರೂ ಕಂಡಿದ್ದೀರಾ?

ಈ ವರ್ಷ ತಮ್ಮ ಸಂವಾದದ ಆಹ್ವಾನ ಬಂತು, ಅವಳಿಗೆ. ಚೀಟಿ ಎತ್ತಿ ಆರಿಸಿದ ‘ಬ್ಯೂರ್ಗರ್’ ಅಂತೆ, ಅಂದರೆ ಪೌರರು. ಜೊತೆಗೊಬ್ಬರನ್ನು ಕರೆತರಬಹುದೆಂದು ಬರೆದಿದ್ದಿರಿ. ಹಾಗೆ ನಾನು ಬಂದೆ. ಅವಳ ಎದೆಯ ಮೇಲಿನ ಬಿಲ್ಲೆಯಲ್ಲಿ ಅವಳ ಹೆಸರು. ನನ್ನದರಲ್ಲಿ ‘ಗಾಸ್ಟ್’, ಅತಿಥಿ.

ಸಭೆಯ ವಿಷಯ, ಯೂರೋಪಿನ ನೀತಿಗಳ ಚರ್ಚೆಯಲ್ಲಿ ಪ್ರಾದೇಶಿಕ ಮಟ್ಟದ ಜನ ಏಕೆ ಭಾಗವಹಿಸುತ್ತಿಲ್ಲ ಎಂಬುದು. ನನಗೆ ಉತ್ತರ ಗೊತ್ತಿತ್ತು. ನದಿನೀರಿನ ನಿಯಮಗಳ ಬಗ್ಗೆ ತಾವು ನಮ್ಮ ಊರಿನ ಅಭಿಪ್ರಾಯ ಕೇಳಿದಾಗ ಕೊಟ್ಟದ್ದು ನಲವತ್ತೊಂದು ಪುಟ, ಒಂಬತ್ತು ದಿನ. ಅಭಿಪ್ರಾಯ ಹೇಳಲು ಬಂದವರು ಎಂಟು ಜನ. ನಮ್ಮ ಶಾಲೆಯ ಪ್ರಶ್ನೆಪತ್ರಿಕೆಗಳಲ್ಲಿ ಒಂದು ಪ್ರಶ್ನೆ ಖಾಯಂ: ‘ಕೆಳಗಿನ ಗದ್ಯಭಾಗವನ್ನು ಮೂರನೆಯ ಒಂದು ಭಾಗಕ್ಕೆ ಸಂಕ್ಷೇಪಿಸಿ ಬರೆಯಿರಿ.’ ಯಾವ ವಿಷಯವೇ ಊರಿಗೆ ಬರಲಿ, ಮೊದಲು ಈ ಪ್ರಶ್ನೆಗೆ ತಮ್ಮ ಕಚೇರಿಯೇ ಉತ್ತರ ಬರೆಯಬೇಕು. ಅದನ್ನು ಗ್ರಂಥಾಲಯದಲ್ಲಿ ಗಟ್ಟಿಯಾಗಿ ಓದಿಸಬೇಕು. ಕೈಬರಹದ ಅಭಿಪ್ರಾಯಕ್ಕೂ ಲಿಖಿತ ಉತ್ತರ ಕೊಡಬೇಕು. ಇದು ನನ್ನ ಸಲಹೆ. ಒಂದು ವಾರ ಜರ್ಮನ್‌ನಲ್ಲಿ ಬಾಯಿಪಾಠ ಮಾಡಿದ್ದೆ. ನೆಲಮಾಳಿಗೆಯಲ್ಲಿ ಯೊರ್ದಾಂಕಾಗೆ ಐದು ಸಲ ಒಪ್ಪಿಸಿದ್ದೆ.

ಎದ್ದು ನಿಂತೆ. ಮೊದಲ ವಾಕ್ಯ ಮುಗಿಸಿದೆ. ಆಗ ಮುಂದಿನ ಸಾಲಿನಲ್ಲಿದ್ದ ಹೈಡೆಲ್‌ಬರ್ಗಿನ ನಿವೃತ್ತ ಪ್ರಾಧ್ಯಾಪಕರು ಬೆರಳ ಗೆಣ್ಣುಗಳಿಂದ ಮೇಜು ಕುಟ್ಟತೊಡಗಿದರು. ಇಡೀ ಸಭೆ ಕುಟ್ಟಿತು. ಮೂವತ್ತೊಂದು ವರ್ಷ ನಾನೂ ಹೀಗೆಯೇ ಮೇಜು ಕುಟ್ಟಿದ್ದೇನೆ. ನನ್ನ ತರಗತಿಯಲ್ಲಿ ಅದಕ್ಕಿದ್ದದ್ದು ಒಂದೇ ಅರ್ಥ: ಬಾಯಿ ಮುಚ್ಚು. ಮುಚ್ಚಿದೆ. ಕುಳಿತೆ.

“ಯಾಕೆ ಕೂತ್ರಿ?” ಎಂದು ಯೊರ್ದಾಂಕಾ ಪಿಸುಗುಟ್ಟಿದಳು.

“ಸಾಕು ಅಂದರಲ್ಲ.”

“ಯಾರು ಅಂದ್ರು? ಏಳಿ, ಏಳಿ!”

ನಾನು ಏಳಲಿಲ್ಲ. ಆಕೆ ಎದ್ದು, ಐದು ಸಲ ಕೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ತಮ್ಮ ಗುಮಾಸ್ತರು ಅವಳ ಎದೆಯ ಮೇಲಿನ ಹೆಸರನ್ನು ನೋಡಿ ಬರೆದುಕೊಂಡರು. ಮತ್ತೆ ಮೇಜು ಕುಟ್ಟಿದರು. ಈ ಸಲ ಇನ್ನೂ ಜೋರಾಗಿ.

ಮನೆಗೆ ಬಂದು ಹೇಳಿದರೆ, ನಾನು ಅಲ್ಲಿ ಕಲಿಸುತ್ತಿದ್ದ ಕಾಲದಲ್ಲಿ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಮೂರು ದಶಕ ದುಡಿದ ನನ್ನ ಯಜಮಾನರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಅದು ಚಪ್ಪಾಳಿ ಕಣೆ! ಅವರು ಶಭಾಷ್ ಅಂದ್ರು, ನೀನು ಕುಂತ್ಬಿಟ್ಟೆ. ಮೇಷ್ಟ್ರಮ್ಮನ್ನ ಸುಮ್ನಿರಿಸೋಕೆ ನಂಗೆ ಇಷ್ಟು ವರ್ಷ ಈ ಉಪಾಯ ಹೊಳೀಲೇ ಇಲ್ಲ ನೋಡು!”

ಆ ತಪ್ಪು ನನ್ನದು, ಒಪ್ಪುತ್ತೇನೆ. ಆದರೆ ಅದರ ನಂತರದ್ದು ಯಾರದು? ಹೆಸರು ತಿದ್ದಿ ಎಂದು ನಾನು ಬರೆದೆ, ಯೊರ್ದಾಂಕಾ ಕೂಡ ಬರೆದಳು. ತಮ್ಮ ಉತ್ತರ: ಅತಿಥಿಗಳ ಮಾತನ್ನು ದಾಖಲಿಸಲು ಅವಕಾಶವಿಲ್ಲ, ಸಲಹೆ ಉಳಿಯಬೇಕಾದರೆ ಅರ್ಹ ಪೌರರ ಹೆಸರಿನಲ್ಲೇ ಉಳಿಯಬೇಕು. ಎಂಥ ಔದಾರ್ಯ! ಮಗು ಚೆನ್ನಾಗಿದೆ, ತಾಯಿ ಮಾತ್ರ ಬೇಡ.

ಹನ್ನೊಂದು ವರ್ಷದ ಅತಿಥಿ! ನಮ್ಮ ಕಡೆ ಮೂರು ದಿನ ಕಳೆದರೆ ಅತಿಥಿಯ ಕೈಗೂ ಸೊಪ್ಪು ಸೋಸಲು ಕೊಡುತ್ತೇವೆ. ಮನೆಯ ಮಾತಿನಲ್ಲಿ ಅವರ ಮಾತೂ ಸೇರುತ್ತದೆ. ಪುರದಲ್ಲಿ ವಾಸಿಸುವವರು ಪೌರರು ಎಂದು ಮೂವತ್ತೊಂದು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ತಮ್ಮ ‘ಬ್ಯೂರ್ಗರ್’ ಕೂಡ ‘ಬುರ್ಗ್’ ಎಂಬ ಕೋಟೆಯೂರಿನಿಂದಲೇ ಹುಟ್ಟಿದ ಶಬ್ದವಂತೆ. ಎರಡು ಭಾಷೆಗಳು ಒಪ್ಪಿದ್ದನ್ನು ಒಂದು ಕಚೇರಿ ಒಪ್ಪದಿದ್ದರೆ ಹೇಗೆ? ಪಾಸ್‌ಪೋರ್ಟ್ ಬದಲಿಸಿಕೊಳ್ಳಿ ಎನ್ನುತ್ತೀರಿ. ಆ ದಾರಿ ಗೊತ್ತು; ಯಜಮಾನರು ಅದರಲ್ಲಿ ನಡೆದವರು. ನನ್ನ ದೇಶ ಎರಡು ಪೌರತ್ವ ಒಪ್ಪುವುದಿಲ್ಲ, ಎಪ್ಪತ್ತೊಂದರ ವಯಸ್ಸಿನಲ್ಲಿ ನಾನು ಅದನ್ನು ಬಿಡಲು ಒಪ್ಪುವುದಿಲ್ಲ. ಅಷ್ಟಕ್ಕೂ ನಾನು ಮತ ಕೇಳುತ್ತಿಲ್ಲ, ಮಾತು ಕೇಳುತ್ತಿದ್ದೇನೆ. ಆಡಿದ ಮಾತಿಗೆ ಆಡಿದವಳ ಹೆಸರು ಬರೆಯಲು ಯಾವ ದೇಶದ ಮುದ್ರೆ ಬೇಕು?

ಮುಂದಿನ ತಿಂಗಳು ಪ್ರಾಂತದ ರಾಜಧಾನಿಯಲ್ಲಿ ಸಮಾರೋಪ ಸಭೆ. ಸಲಹೆ ಕೊಟ್ಟವರೇ ವೇದಿಕೆಯಲ್ಲಿ ನಿಂತು ಓದಬೇಕಂತೆ. ಅದಕ್ಕಾಗಿ ಯೊರ್ದಾಂಕಾ ನೀಲಿ ಕೋಟು ಕೊಂಡಿದ್ದಾಳೆ. ಅವಳಿಗೆ ಚೆನ್ನಾಗಿಯೂ ಒಪ್ಪುತ್ತದೆ. ನನಗೆ ನಿದ್ದೆ ಬರುತ್ತಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಅಂತಿಮ ವರದಿ ಅಚ್ಚಿಗೆ ಹೋಗುವ ಮೊದಲು ಹದಿನಾಲ್ಕನೆಯ ಸಲಹೆಯ ಕೆಳಗೆ ನನ್ನ ಹೆಸರನ್ನು ಪೂರ್ಣವಾಗಿ, ಕಾಗುಣಿತ ತಪ್ಪಿಲ್ಲದೆ ಮುದ್ರಿಸಬೇಕು. ಸಮಾರೋಪದಲ್ಲಿ ಅದನ್ನು ನಾನೇ ಓದಬೇಕು. ಇದು ಸಾಧ್ಯವಿಲ್ಲವಾದರೆ ಆ ಸಲಹೆಯನ್ನು ವರದಿಯಿಂದ ತೆಗೆದುಹಾಕಿ, ಹದಿಮೂರರ ನಂತರ ಹದಿನೈದನ್ನು ಅಚ್ಚು ಮಾಡಿ. ಬಿಟ್ಟ ಸ್ಥಳ ಯಾರದೆಂದು ಓದಿದವರು ಕೇಳಲಿ.

ಇಂತಿ,
ತಮ್ಮ ವಾಕ್ಯದಲ್ಲಿ ಲೋಪವಾಗಿರುವ ಕರ್ತೃಪದ,
ಹ. ಬಾ. ಬಸವೇಶ್ವರಿ

ಲಗತ್ತುಗಳು:
೧. ಸಭೆಗೆ ಒಂದು ವಾರ ಮೊದಲು ನನ್ನ ಕೈಯಲ್ಲೇ ಬರೆದ ಸಲಹೆಯ ಜರ್ಮನ್ ಕರಡು, ಎರಡು ಹಾಳೆ.
೨. ಸೇವಾ ಪ್ರಮಾಣಪತ್ರ ಮತ್ತು ನಿವಾಸ ಪರವಾನಗಿಯ ಪ್ರತಿಗಳು.
೩. ತಮ್ಮ ಕಚೇರಿಯ ಉತ್ತರ. ನನ್ನ ಹೆಸರಿನಲ್ಲಿರುವ ಎರಡು ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಲಾಗಿದೆ.
೪. ಫ್ರಾವ್ ಯೊರ್ದಾಂಕಾ ಅವರ ಸಹಿಯುಳ್ಳ ಹೇಳಿಕೆ: ‘ಮಾತು ಬಸವೇಶ್ವರಿಯದು, ಧ್ವನಿ ಮಾತ್ರ ನನ್ನದು.’ ನಾನು ಬರೆದುಕೊಟ್ಟದ್ದು ಇದಕ್ಕಿಂತ ಉದ್ದವಿತ್ತು. ಸಂಕ್ಷೇಪಿಸಿದ್ದು ಅವಳೇ, ನನಗಿಂತ ಚೆನ್ನಾಗಿ.